ದೊಡ್ಡ ಹೊಳೆಯ ಮೇಲೆ ಹದಿನಾಲ್ಕು ದಿನ

ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡಿದವನು ನಾನು. ಉತ್ತರ ಅಮೆರಿಕದ ನದಿಗಳ ಪಾಠದಲ್ಲಿ ಮಿಸಿಸಿಪ್ಪಿಗೆ ಒಂದು ಪೀರಿಯಡ್ ಕೊಡುತ್ತಿದ್ದೆ, ಸೇಂಟ್ ಲಾರೆನ್ಸ್‌ಗೆ ಅರ್ಧ. ಯೂಕಾನ್‌ಗೆ ಸಿಗುತ್ತಿದ್ದುದು ಒಂದೇ ವಾಕ್ಯ: ಕೆನಡಾದಲ್ಲಿ ಹುಟ್ಟಿ, ಅಲಾಸ್ಕಾದಲ್ಲಿ ಹರಿದು, ಬೇರಿಂಗ್ ಸಮುದ್ರ ಸೇರುತ್ತದೆ. ಮುಂದಿನ ಪಾಠ ತೆಗೆಯಿರಿ.

ಆ ವಾಕ್ಯದ ಪಾಪವೇ ಇರಬೇಕು, ನನ್ನ ತಮ್ಮನಿಗೆ ಕೆಲಸ ಸಿಕ್ಕಿದ್ದು ಆ ನದಿಯ ದಡದ ವೈಟ್‌ಹಾರ್ಸ್ ಊರಿನಲ್ಲಿ. ನಾನು ನಿವೃತ್ತನಾದ ವರ್ಷದಿಂದ ಒಂದೇ ವರಾತ: "ಅಣ್ಣ, ನೀನು ನಕ್ಷೆಯಲ್ಲಿ ತೋರಿಸಿದ್ದು ಸಾಕು, ಬಾ. ಕೆನೂ ಬಾಡಿಗೆಗೆ ಸಿಗುತ್ತದೆ. ವೈಟ್‌ಹಾರ್ಸ್‌ನಿಂದ ಡಾಸನ್‌ವರೆಗೆ ಎರಡು ವಾರ, ಹೊಳೆಯೇ ಕರೆದುಕೊಂಡು ಹೋಗುತ್ತದೆ." ತುಂಗೆಯಲ್ಲಿ ಈಜು ಕಲಿತವನಿಗೆ ಹೊಳೆಯ ಹೆಸರು ಹೇಳಿ ಕರೆದರೆ ಬೇಡ ಎನ್ನಲಾಗುವುದಿಲ್ಲ. ತಿಂಡಿಡಬ್ಬಿಯಲ್ಲಿ ಅಪ್ಪೆಮಿಡಿ, ಚಟ್ನಿಪುಡಿ, ಅವಲಕ್ಕಿ ತುಂಬಿಕೊಂಡು ಹೊರಟೆ.

ಹಿಂದಿನ ದಿನ: ಫ್ರೇಸರ್

ಹೊಳೆಗೆ ಇಳಿಯುವ ಮೊದಲು ಮೂಲ ನೋಡಬೇಕೆಂದು ಹಟ ಹಿಡಿದೆ. ಇಲ್ಲಿ ತಲಕಾವೇರಿಯಂಥ ಕುಂಡಿಕೆ ಇಲ್ಲ. ಅಟ್ಲಿನ್ ಸರೋವರದ ತುದಿಯ ಲುವೆಲಿನ್ ಹಿಮನದಿಯೇ ಮೂಲ ಎನ್ನುವವರಿದ್ದಾರೆ, ಲಿಂಡೆಮನ್ ಸರೋವರ ಎನ್ನುವವರೂ ಇದ್ದಾರೆ. ಎರಡೂ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಬೆಟ್ಟಗಳಲ್ಲಿವೆ. ತಮ್ಮ ಕಾರಿನಲ್ಲಿ ಫ್ರೇಸರ್‌ವರೆಗೆ ಕರೆದೊಯ್ದ. ರಸ್ತೆ ಮುಂದೆ ವೈಟ್ ಪಾಸ್ ಹತ್ತಿ ಅಮೆರಿಕದ ಸ್ಕಾಗ್‌ವೇ ಬಂದರಿಗೆ ಇಳಿಯುತ್ತದೆ. ನನ್ನ ಬಳಿ ಅಮೆರಿಕದ ವೀಸಾ ಇರಲಿಲ್ಲ. ರಸ್ತೆ ಬದಿಯ ಕಲ್ಲಿನ ಮೇಲೆ ಕುಳಿತು ಥರ್ಮಾಸ್ ಕಾಫಿ ಕುಡಿದೆವು.

ಮುಂದಿದ್ದುದು ಒಂದು ಸಣ್ಣ ಕೆರೆ, ಅಂಚಿನಲ್ಲಿ ಇನ್ನೂ ಹಿಮದ ತೇಪೆ. ಅಲ್ಲಿಂದ ಪೆಸಿಫಿಕ್ ಸಾಗರದ ಉಪ್ಪುನೀರು ರಸ್ತೆಯಲ್ಲಿ ಸುಮಾರು 35 ಕಿ.ಮೀ. ಕಣಿವೆಯ ಆಚೆ ಬದಿಯಲ್ಲಿ ಬಿದ್ದ ಹನಿ ಸಂಜೆಯೊಳಗೆ ಸಮುದ್ರ ಸೇರುತ್ತದೆ. ಈಚೆ ಬದಿಯ ಹನಿ ಮಾತ್ರ ಸಮುದ್ರಕ್ಕೆ ಬೆನ್ನು ಹಾಕಿ ಉತ್ತರಕ್ಕೆ ಹೊರಡುತ್ತದೆ. ಆರ್ಕ್ಟಿಕ್ ವೃತ್ತವನ್ನು ಮುಟ್ಟಿ, ಬಿಲ್ಲಿನಂತೆ ಬಾಗಿ, ಅಲಾಸ್ಕಾವನ್ನು ಅಡ್ಡಲಾಗಿ ದಾಟಿ, ಸುಮಾರು 3,190 ಕಿ.ಮೀ. ಸುತ್ತಿ ಬೇರಿಂಗ್ ಸಮುದ್ರ ಸೇರುತ್ತದೆ. ನನಗೆ ಗಂಗಾಮೂಲ ನೆನಪಾಯಿತು. ಒಂದೇ ಬೆಟ್ಟದ ನೀರು. ನೇತ್ರಾವತಿ ಪಡುವಣಕ್ಕೆ ಇಳಿದು ಮಂಗಳೂರಿನಲ್ಲಿ ಮುಗಿಯುತ್ತಾಳೆ. ತುಂಗೆ ಅರಬ್ಬೀ ಸಮುದ್ರ ಕೂಗಳತೆಯಲ್ಲಿದ್ದರೂ ತಿರುಗಿಯೂ ನೋಡದೆ ಮೂಡಣಕ್ಕೆ ಹೊರಟು ಕೃಷ್ಣೆಯ ಜೊತೆ ಬಂಗಾಳಕೊಲ್ಲಿಗೆ ಹೋಗುತ್ತಾಳೆ. "ಇದೂ ನಮ್ಮ ಕಡೆಯ ಹೊಳೆಯ ಬುದ್ಧಿಯೇ" ಎಂದೆ. ತಮ್ಮ ನಕ್ಕ. "ನೋಡುತ್ತಿರು, ಇದರ ಕಥೆ ಇನ್ನೂ ಇದೆ" ಎಂದ. ಏನೆಂದು ಹೇಳಲಿಲ್ಲ.

ಮೊದಲ ದಿನ: ವೈಟ್‌ಹಾರ್ಸ್

ಊರಿಗೆ ಹೆಸರು ಕೊಟ್ಟ ಬಿಳಿ ಕುದುರೆಗಳು ಈಗ ಇಲ್ಲ. ಬಂಡೆಗಳ ಮೇಲೆ ನೊರೆಯೆದ್ದು ಹರಿಯುತ್ತಿದ್ದ ನೀರು ಕುದುರೆಯ ಅಯಾಲಿನಂತೆ ಕಾಣುತ್ತಿತ್ತಂತೆ. 1958ರಲ್ಲಿ ಅಣೆಕಟ್ಟು ಬಂದು ಎಲ್ಲ ಮುಳುಗಿತು. ಅಣೆಕಟ್ಟಿನ ಪಕ್ಕದಲ್ಲಿ ಮರದ ಹಲಗೆಗಳಿಂದ ಕಟ್ಟಿದ ಮೆಟ್ಟಿಲು ಮೆಟ್ಟಿಲಿನ ಕಾಲುವೆಯಿದೆ, 366 ಮೀಟರ್ ಉದ್ದ. ಮೀನುಗಳಿಗೆಂದು ಮಾಡಿದ ಏಣಿ. ಬೇರಿಂಗ್ ಸಮುದ್ರದಿಂದ ಹೊರಟ ಚಿನೂಕ್ ಸಾಲ್ಮನ್ ಮೀನು ಮೂರು ಸಾವಿರ ಕಿ.ಮೀ. ಸೆಳವಿಗೆ ಎದುರಾಗಿ ಈಜಿ, ಆಗಸ್ಟ್‌ನಲ್ಲಿ ಇಲ್ಲಿಗೆ ಬಂದು, ಏಣಿ ಹತ್ತಿ, ತಾನು ಹುಟ್ಟಿದ ತೊರೆಯಲ್ಲಿ ಮೊಟ್ಟೆಯಿಟ್ಟು ಸಾಯುತ್ತದೆ. ದಾರಿಯುದ್ದಕ್ಕೂ ಉಪವಾಸ. ಜೂನ್‌ನಲ್ಲಿ ನೋಡುವ ಕಿಟಕಿಯ ಗಾಜಿನ ಹಿಂದೆ ಬರೀ ಹಸಿರು ನೀರು. "ಈಗ ಅವು ಎಲ್ಲಿರುತ್ತವೆ?" ಎಂದು ಕೇಳಿದೆ. "ನದಿಯ ಬಾಯಿಯಲ್ಲಿ. ಅಲಾಸ್ಕಾದ ಆ ತುದಿಯಲ್ಲಿ ಈಗ ತಾನೇ ಒಳಗೆ ಬರುತ್ತಿರುತ್ತವೆ" ಎಂದ ತಮ್ಮ. ನಾವು ಇಳಿಯಲು ಹೊರಟ ಹೊತ್ತಿಗೆ ಅವು ಏರಲು ಹೊರಟಿದ್ದವು.

ದಡದಲ್ಲಿ ನಿಲ್ಲಿಸಿಟ್ಟಿರುವ 'ಕ್ಲೊಂಡೈಕ್' ಎಂಬ ಬಿಳಿ ಸ್ಟೀಮರನ್ನು ಸುತ್ತಿ ನೋಡಿದೆವು. ಹಿಂಬದಿಯಲ್ಲಿ ಮನೆಯಷ್ಟೆತ್ತರದ ಚಕ್ರ. ಇಂಥ ಹಡಗುಗಳು ಡಾಸನ್‌ಗೆ ಇಳಿಯಲು ಒಂದೂವರೆ ದಿನ, ಮರಳಿ ಏರಲು ನಾಲ್ಕೈದು ದಿನ ತೆಗೆದುಕೊಳ್ಳುತ್ತಿದ್ದವು. ಸೆಳವು ಎಂದರೆ ಏನೆಂದು ಆ ಲೆಕ್ಕವೇ ಹೇಳುತ್ತದೆ.

ಮಧ್ಯಾಹ್ನ ಹೊರಟೆವು. ಮುಂದೆ ನಾನು, ಹಿಂದೆ ತಮ್ಮ. ದಾರಿ ಹಿಡಿಯುವವನು ಹಿಂದಿರುವವನು. ವಾಸನೆ ಬರುವುದೆಲ್ಲವನ್ನೂ ಕರಡಿ ತೆಗೆಯಲಾಗದ ಪೀಪಾಯಿಯಲ್ಲಿ ಹಾಕಬೇಕು. ಅಪ್ಪೆಮಿಡಿಯ ಬಾಟಲಿ ಕಂಡು ಬಾಡಿಗೆ ಅಂಗಡಿಯವನು ಮೂಸಿ ನೋಡಿ ಎರಡು ಹೆಜ್ಜೆ ಹಿಂದೆ ಸರಿದ.

ಎರಡು ಮತ್ತು ಮೂರನೆಯ ದಿನ: ಲಬಾರ್ಜ್ ಸರೋವರ

ನದಿ ಇಲ್ಲಿ ಸುಮಾರು 50 ಕಿ.ಮೀ. ಉದ್ದದ ಸರೋವರವಾಗುತ್ತದೆ. ಸೆಳವು ಸತ್ತುಹೋಗುತ್ತದೆ, ತೋಳೇ ಗತಿ. ಮಧ್ಯಾಹ್ನ ಎದ್ದ ಗಾಳಿ ಸರೋವರದ ಉದ್ದಕ್ಕೂ ಬೀಸಿ ಅಲೆ ಎಬ್ಬಿಸುತ್ತದೆ. ಅದಕ್ಕೆ ಎಲ್ಲರೂ ಪೂರ್ವದ ದಡಕ್ಕೆ ಅಂಟಿಕೊಂಡೇ ಹೋಗುತ್ತಾರೆ. ನಾವು ಗಾಳಿ ಮಲಗುವ ರಾತ್ರಿ ಹೊತ್ತಿನಲ್ಲಿ ಹುಟ್ಟು ಹಾಕುವುದೆಂದು ತೀರ್ಮಾನಿಸಿದೆವು. ರಾತ್ರಿ ಎಂಬುದು ಗಡಿಯಾರದ ಮಾತು ಅಷ್ಟೇ. ಸೂರ್ಯ ಹನ್ನೊಂದೂವರೆಗೆ ಬೆಟ್ಟದ ಹಿಂದೆ ಹೋಗುತ್ತಾನೆ, ನಾಲ್ಕೂವರೆಗೆ ಹತ್ತಿರದಲ್ಲೇ ಮತ್ತೆ ಬರುತ್ತಾನೆ. ನಡುವೆ ಇರುವುದು ಗೋಧೂಳಿ. ಕೊಟ್ಟಿಗೆಗೆ ಮರಳುವ ದನವಿಲ್ಲ, ದೀಪ ಹಚ್ಚುವವರಿಲ್ಲ, ಆ ಬೆಳಕು ಮಾತ್ರ ಐದು ಗಂಟೆ ಹಾಗೇ ನಿಂತಿರುತ್ತದೆ.

ಈ ನೀರಿನ ಅಡಿಯಲ್ಲಿ 'ಎ. ಜೆ. ಗಾಡರ್ಡ್' ಎಂಬ ಪುಟ್ಟ ಸ್ಟೀಮರ್ ಇದೆ. 1901ರ ಬಿರುಗಾಳಿಯಲ್ಲಿ ಮುಳುಗಿತು; ಐವರಲ್ಲಿ ಮೂವರು ಸತ್ತರು. 2008ರಲ್ಲಿ ಸಿಕ್ಕಾಗ ತಣ್ಣೀರಿನಲ್ಲಿ ಹೆಚ್ಚೇನೂ ಕೆಟ್ಟಿರಲಿಲ್ಲ, ಒಳಗೆ ಗ್ರಾಮಫೋನ್ ಕೂಡ ಇತ್ತು. ಇದನ್ನು ತಮ್ಮ ಹೇಳಿದ್ದು ಸರೋವರದ ನಡುಮಧ್ಯದಲ್ಲಿ. ಹೇಳುವುದಕ್ಕೆ ಬೇರೆ ಜಾಗವಿರಲಿಲ್ಲವೇ ಎಂದು ಬೈದೆ.

ಮೂರನೆಯ ದಿನ ಗಾಳಿ ರಾತ್ರಿಯೂ ಮಲಗಲಿಲ್ಲ. ಜೂನ್ 21, ವರ್ಷದ ಅತಿ ದೀರ್ಘ ಹಗಲು, ಅದನ್ನಿಡೀ ಗುಡಾರದಲ್ಲಿ ಸೊಳ್ಳೆ ಹೊಡೆಯುತ್ತ ಕಳೆದೆವು. ದಡದ ಕಲ್ಲುಗಳ ನಡುವೆ ನೆಲ ಒಣಗಿ ಪುಡಿಯಾಗಿತ್ತು. ವೈಟ್‌ಹಾರ್ಸ್‌ನಲ್ಲಿ ಮಳೆ, ಹಿಮ ಎರಡೂ ಸೇರಿ ವರ್ಷಕ್ಕೆ 300 ಮಿ.ಮೀ. ಕೂಡ ಬೀಳುವುದಿಲ್ಲ. ನಮ್ಮೂರಿನಿಂದ ಒಂದು ಗಂಟೆ ದಾರಿಯ ಆಗುಂಬೆಯಲ್ಲಿ 7,000 ದಾಟುತ್ತದೆ! ಕರಾವಳಿಯ ಬೆಟ್ಟಸಾಲು ಸಮುದ್ರದ ಮೋಡಗಳನ್ನೆಲ್ಲ ಆಚೆಯೇ ಹಿಂಡಿಬಿಡುತ್ತದೆ. ಈಚೆಗೆ ಮಳೆ ನೆರಳು. ಹಾಗಿದ್ದೂ ಇಷ್ಟು ನೀರು ಎಲ್ಲಿಂದ? ಆ ಬೆಟ್ಟಗಳ ನೆತ್ತಿಯ ಮೇಲಿನ ಹಿಮದಿಂದ, ಹಿಮನದಿಗಳಿಂದ, ಮತ್ತು ನೆಲ ಕುಡಿಯದೆ ಬಿಟ್ಟ ನೀರಿನಿಂದ. ಅಡಿಯಲ್ಲಿ ನೆಲ ಹೆಪ್ಪುಗಟ್ಟಿರುವ ಕಡೆ ಅದು ಎಷ್ಟೆಂದು ಕುಡಿದೀತು? ಮೇಷ್ಟರ ಚಾಳಿ, ಇದನ್ನೆಲ್ಲ ತಮ್ಮನಿಗೆ ವಿವರಿಸಿದೆ. ಅವನು ಅರ್ಧ ಗಂಟೆ ಹಿಂದೆಯೇ ನಿದ್ದೆ ಹೋಗಿದ್ದ.

ನಾಲ್ಕನೆಯ ದಿನ: ಮೂವತ್ತು ಮೈಲಿ

ಸರೋವರದ ಬಾಯಿಯಲ್ಲಿ ನೀರು ಮತ್ತೆ ನದಿಯಾಗುವ ಕ್ಷಣವನ್ನು ಕೈಯಲ್ಲೇ ತಿಳಿಯಬಹುದು. ಹುಟ್ಟು ಹಗುರಾಗುತ್ತದೆ. ಇಲ್ಲಿಂದ ಹೂಟಲಿಂಕ್ವಾವರೆಗಿನ 48 ಕಿ.ಮೀ. ಪಾತ್ರಕ್ಕೆ 'ಥರ್ಟಿ ಮೈಲ್' ಎಂದೇ ಹೆಸರು. ಇಡೀ ಪ್ರಯಾಣದಲ್ಲಿ ನಾನು ಮತ್ತೆ ಹೋಗಬೇಕೆಂದು ಆಸೆಪಡುವ ಜಾಗ ಇದೊಂದೇ. ಸರೋವರ ತನ್ನ ಹೊಟ್ಟೆಯಲ್ಲಿ ಕೆಸರನ್ನೆಲ್ಲ ಇಟ್ಟುಕೊಂಡು ತಿಳಿನೀರನ್ನು ಮಾತ್ರ ಬಿಟ್ಟುಕೊಡುತ್ತದೆ. ಆಳ ಎಷ್ಟೋ ತಿಳಿಯದು, ಆದರೆ ತಳದ ಒಂದೊಂದು ಗುಂಡುಕಲ್ಲೂ ಕಾಣುತ್ತದೆ. ಕಲ್ಲುಗಳೇ ಹಿಂದಕ್ಕೆ ಓಡುತ್ತಿವೆ, ದೋಣಿ ನಿಂತಿದೆ ಎಂದು ಭ್ರಮೆಯಾಗಿ ತಲೆ ಸುತ್ತಿತು.

ಸ್ಟೀಮರುಗಳಿಗೆ ಮಾತ್ರ ಇದು ಯಮನ ದಾರಿ. ಕಡಿದಾದ ತಿರುವು, ಓಡುವ ನೀರು, ನಡುವೆ ದಿನ್ನೆ. 1898ರ ಮೇ 29ರಂದು ಮೇಲಿನ ಬೆನೆಟ್ ಸರೋವರದ ಮಂಜುಗಡ್ಡೆ ಒಡೆದಾಗ ಡಾಸನ್ ಕಡೆಯ ಚಿನ್ನದ ಆಸೆಗೆ ಹೊರಟ ಜನ ಏಳು ಸಾವಿರದಷ್ಟು ದೋಣಿಗಳಲ್ಲಿ ಈ ದಾರಿ ಹಿಡಿದು ಬಂದರು. ಗುಮಾಸ್ತರು, ಕ್ಷೌರಿಕರು, ಮೇಷ್ಟರುಗಳು. ಅವರಲ್ಲಿ ಎಷ್ಟು ಮಂದಿ ಅದಕ್ಕೆ ಮೊದಲು ಹುಟ್ಟು ಹಿಡಿದಿದ್ದರೋ.

ಐದನೆಯ ದಿನ

ಹೂಟಲಿಂಕ್ವಾದಲ್ಲಿ ಟೆಸ್ಲಿನ್ ಸೇರಿತು. ಹಸಿರು ತಿಳಿನೀರಿಗೆ ಕಂದು ನೀರು. ಸ್ವಲ್ಪ ದೂರ ಎರಡೂ ಮೈಸೋಕದೆ ಪಕ್ಕಪಕ್ಕ ಹರಿದವು, ಆಮೇಲೆ ಹಸಿರು ಸೋತಿತು. ಹತ್ತಿರದ ನಡುಗಡ್ಡೆಯ ಕಾಡಿನೊಳಗೆ 'ಎವೆಲಿನ್' ಎಂಬ ಹಳೆಯ ಸ್ಟೀಮರ್ ನಿಂತಲ್ಲೇ ಕೊಳೆಯುತ್ತಿದೆ. ಹಡಗಿನ ಪಕ್ಕೆಗೆ ಸ್ಪ್ರೂಸ್ ಮರಗಳು ಒತ್ತಿ ಬೆಳೆದಿವೆ.

ಆರು ಮತ್ತು ಏಳನೆಯ ದಿನ

ಹೇಳುವಂಥದ್ದು ಹೆಚ್ಚಿಲ್ಲ. ಬಿಗ್ ಸಾಲ್ಮನ್ ಬಂತು, ಲಿಟ್ಲ್ ಸಾಲ್ಮನ್ ಬಂತು. ಲಿಟ್ಲ್ ಸಾಲ್ಮನ್‌ನ ಸಮಾಧಿಗಳ ಮೇಲೆ ಬಣ್ಣ ಬಳಿದ ಪುಟ್ಟ ಪುಟ್ಟ ಮನೆಗಳಿವೆ, ಸತ್ತವರ ಆತ್ಮಕ್ಕೆಂದು, ಫೋಟೊ ತೆಗೆಯಲಿಲ್ಲ. ಕಾಡು ಸುಟ್ಟ ಜಾಗಗಳಲ್ಲಿ ಕಪ್ಪು ಕಂಬಗಳಂತೆ ಮರಗಳು. ನಮ್ಮ ಕಡವೆಗೆ ದೊಡ್ಡಪ್ಪನಂತಿದ್ದ ಒಂದು ಮೂಸ್ ಮರಿಯೊಂದಿಗೆ ಹೊಳೆ ದಾಟಿತು. ಎರಡು ದಿನದಲ್ಲಿ ಕಂಡ ಮನುಷ್ಯರು ನಾಲ್ವರು. ನದಿಯದೇ ಹೆಸರಿನ ಯೂಕಾನ್ ಪ್ರದೇಶ ಕರ್ನಾಟಕದ ಎರಡೂವರೆ ಪಟ್ಟು ದೊಡ್ಡದು. 2021ರ ಜನಗಣತಿಯಲ್ಲಿ ಅಲ್ಲಿದ್ದವರು 40,232 ಮಂದಿ, ಅದರಲ್ಲಿ 28 ಸಾವಿರ ಜನ ವೈಟ್‌ಹಾರ್ಸ್‌ನಲ್ಲಿ. ಉಳಿದ ನೆಲವನ್ನೆಲ್ಲ ಹಂಚಿಕೊಂಡವರು ನಮ್ಮ ಒಂದು ಹೋಬಳಿಗೂ ಸಾಲರು.

ಎಂಟನೆಯ ದಿನ: ಕಾರ್ಮ್ಯಾಕ್ಸ್

ಬೆಳಿಗ್ಗೆಯಿಂದ ಒಂದೇ ಗುಡ್ಡ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಒಮ್ಮೆ ಬೆನ್ನ ಹಿಂದೆ. ಹೊಳೆ ಹಾವಿನಂತೆ ಹೊರಳುವುದರಿಂದ ಗುಡ್ಡ ಹತ್ತಿರ ಬಂದಂತೆ ಮಾಡಿ ದೂರ ಹೋಗುತ್ತದೆ. ಇದಕ್ಕೆ ಟ್ಯಾಂಟಲಸ್ ಎಂದು ಹೆಸರಿಟ್ಟವನು ಅಮೆರಿಕದ ಸೇನಾಧಿಕಾರಿ ಫ್ರೆಡರಿಕ್ ಶ್ವಾಟ್ಕಾ. ಗ್ರೀಕರ ಕಥೆಯಲ್ಲಿ ಹಣ್ಣು ಕೈಗೆಟುಕದೆ ಒದ್ದಾಡುವವನ ಹೆಸರು. 1883ರಲ್ಲಿ ಆತ ಮರದ ದಿಮ್ಮಿಗಳ ತೆಪ್ಪ ಕಟ್ಟಿಕೊಂಡು ಈ ನದಿ ಇಳಿದ, ದಾರಿಯುದ್ದಕ್ಕೂ ಕಂಡದ್ದಕ್ಕೆಲ್ಲ ಹೆಸರಿಟ್ಟ. ನೆಲ ಕೆನಡಾದ್ದು, ಸೈನಿಕ ಅಮೆರಿಕದವನು, ಆಗಲೇ ಅಲ್ಲಿದ್ದ ಹೆಸರುಗಳು ಯಾರದೋ. ಯಾರನ್ನೂ ಕೇಳಿದಂತೆ ಕಾಣುವುದಿಲ್ಲ.

ಊರಿನ ದಡದಲ್ಲಿ ಇಲ್ಲಿನ ಮೂಲನಿವಾಸಿಗಳಾದ ಉತ್ತರ ಟಚೋನಿ ಜನರ ಒಂದು ಪುಟ್ಟ ಸಂಗ್ರಹಾಲಯವಿದೆ. ಹೆಸರು 'ಟಗೇ ಚೋ ಹುಡಾನ್'. ಅಲ್ಲಿದ್ದ ಹೆಂಗಸು ಅರ್ಥ ಹೇಳಿದರು: ದೊಡ್ಡ ಹೊಳೆಯ ಜನ. ಟಗೇ ಚೋ ಎಂದರೆ ದೊಡ್ಡ ಹೊಳೆ. ಅಷ್ಟೇ. ಯೂಕಾನ್ ಅಲ್ಲ, ಬೇರೆ ಯಾವ ಅಲಂಕಾರವೂ ಅಲ್ಲ. ನದಿಯ ಕೊನೆಯಲ್ಲಿ, ಬೇರಿಂಗ್ ಸಮುದ್ರದ ದಂಡೆಯ ಯೂಪಿಕ್ ಜನರು ಇದನ್ನು 'ಕುಯಿಗ್‌ಪಾಕ್' ಎನ್ನುತ್ತಾರೆ. ಭಾಷೆ ಬೇರೆ, ಕುಲ ಬೇರೆ, ನಡುವೆ ಸಾವಿರಾರು ಕಿಲೋಮೀಟರ್. ಅದರ ಅರ್ಥವೂ ದೊಡ್ಡ ಹೊಳೆ. ನಮ್ಮಜ್ಜಿ ತುಂಗೆಯನ್ನು ತುಂಗೆ ಎಂದು ಕರೆದದ್ದು ಸಂಕಲ್ಪದ ಹೊತ್ತಿನಲ್ಲಿ ಮಾತ್ರ. ಉಳಿದಂತೆ "ಹೊಳೆಗೆ ಹೋಗಿ ಬರುತ್ತೇನೆ" ಎನ್ನುತ್ತಿದ್ದಳು.

ಒಂಬತ್ತನೆಯ ದಿನ: ಐದು ಬೆರಳು

ಹೊರಟ ದಿನದಿಂದ ಎಲ್ಲರೂ ಹೆದರಿಸಿದ್ದ ಜಾಗ. ನಾಲ್ಕು ಬಂಡೆಗಡ್ಡೆಗಳು ಹೊಳೆಗೆ ಅಡ್ಡ ನಿಂತು ನೀರನ್ನು ಐದು ಕವಲಾಗಿ ಸೀಳುತ್ತವೆ. 'ಫೈವ್ ಫಿಂಗರ್ ರ‍್ಯಾಪಿಡ್ಸ್'. ಬಲಗಡೆಯ ಕವಲೊಂದೇ ದೋಣಿಗೆ ಯೋಗ್ಯ. ಸ್ಟೀಮರುಗಳು ಕೂಡ ಇದರಲ್ಲೇ ಹೋಗುತ್ತಿದ್ದವು. ಏರುವಾಗ ಬಂಡೆಗೆ ಕಟ್ಟಿದ ಉಕ್ಕಿನ ಹಗ್ಗವನ್ನು ಯಂತ್ರಕ್ಕೆ ಸುತ್ತಿ ತಮ್ಮನ್ನು ತಾವೇ ಎಳೆದುಕೊಳ್ಳುತ್ತಿದ್ದವು.

ಸದ್ದು ಮೊದಲು ಬಂತು. ಆಮೇಲೆ ಬಂಡೆ. "ಅಣ್ಣ, ನಾನು ಹೇಳುವವರೆಗೆ ನಿಲ್ಲಿಸಬೇಡ, ಹುಟ್ಟು ಹಾಕುತ್ತಲೇ ಇರು" ಎಂದ ತಮ್ಮ. ಚಿಕ್ಕವನಿದ್ದಾಗ ಇವನನ್ನು ಹೆಗಲ ಮೇಲೆ ಕೂರಿಸಿ ಹೊಳೆ ದಾಟಿಸಿದವನು ನಾನು. ಈಗ ಅವನ ಮಾತು ಕೇಳಬೇಕು. ಕವಲಿನ ಬಾಯಿಯಲ್ಲಿ ನೀರು ನಾಲಿಗೆಯಂತೆ ನುಣ್ಣಗೆ ಕೆಳಗಿಳಿಯಿತು, ಮರುಕ್ಷಣ ಎದುರಿಗೆ ಅಲೆಗಳ ಸಾಲು. ಮೊದಲ ಅಲೆ ಮಡಿಲಿಗೆ, ಎರಡನೆಯದು ಮುಖಕ್ಕೆ. ಮೂರನೆಯದನ್ನು ನಾನು ನೋಡಲಿಲ್ಲ, ಕಣ್ಣು ಮುಚ್ಚಿದ್ದೆ. ಎಲ್ಲ ಸೇರಿ ಒಂದು ನಿಮಿಷವೂ ಆಗಿರಲಾರದು. ಆಚೆ ಬಂದು ಮೊಗೆದು ಹಾಕಿದ ನೀರು ಎಂಟು ಪಾತ್ರೆ. ಒದ್ದೆಯಾದ ಅವಲಕ್ಕಿಗೆ ಮೊಸರಿಲ್ಲದ ಕೊರಗು ಬಿಟ್ಟರೆ ಬೇರೆ ನಷ್ಟವಾಗಲಿಲ್ಲ. ಮುಂದಿನ ರಿಂಕ್ ರ‍್ಯಾಪಿಡ್ಸ್ ಇದರ ಮುಂದೆ ಮಗು.

ಸಂಜೆ ಬಿಡಾರ ಹೂಡಿದ ದಡದಲ್ಲಿ ಹೊಳೆ ಕೊರೆದ ಮಣ್ಣಿನ ಗೋಡೆಯಿತ್ತು. ಮೇಲಿನಿಂದ ಒಂದು ಗೇಣು ಕೆಳಗೆ, ಗೋಡೆಗೆ ಸುಣ್ಣದ ಪಟ್ಟೆ ಎಳೆದಂತೆ ಬಿಳಿ ಗೆರೆ. ಕಣ್ಣು ಹಾಯುವವರೆಗೂ ಒಂದೇ ಎತ್ತರದಲ್ಲಿ ಸಾಗಿತ್ತು. ಬೆರಳಿನಿಂದ ಕೆರೆದೆ. ಹಗುರ, ಪುಡಿಪುಡಿ, ಅಂಗೈಯಲ್ಲಿ ಉಜ್ಜಿದರೆ ವಿಭೂತಿಯಂತೆ ಅಂಟಿತು, ಆದರೆ ನಡುವೆ ಗಾಜಿನ ಚೂರಿನಂತೆ ಚುಚ್ಚಿತು. ಜ್ವಾಲಾಮುಖಿಯ ಬೂದಿ. ಸುಮಾರು 1,200 ವರ್ಷಗಳ ಹಿಂದೆ, ಮಾನ್ಯಖೇಟದಲ್ಲಿ ಅಮೋಘವರ್ಷ ಆಳುತ್ತಿದ್ದ ಕಾಲಕ್ಕೆ, ಪಶ್ಚಿಮದ ಗಡಿಯಾಚೆಯ ಬೆಟ್ಟವೊಂದು ಸಿಡಿದು ಈ ನಾಡಿನ ಮೇಲೆಲ್ಲ ಇದನ್ನು ಸುರಿಯಿತು. ಜನ ಆಗ ಇಲ್ಲಿಂದ ಗುಳೆ ಹೋದರೆಂಬ ವಾದವೂ ಇದೆ. ಗೆರೆಯ ಮೇಲಿನ ಒಂದು ಗೇಣು ಮಣ್ಣು, ಬೇರು, ಪಾಚಿ: ಹನ್ನೆರಡು ಶತಮಾನಕ್ಕೆ ಈ ಚಳಿನಾಡು ಕೂಡಿಟ್ಟದ್ದು ಅಷ್ಟೇ. ನಮ್ಮ ಅಡಿಕೆ ತೋಟದಲ್ಲಿ ಮುಚ್ಚಿಗೆಯ ಸೊಪ್ಪು ಎರಡು ಮಳೆಗಾಲಕ್ಕೆ ಮಣ್ಣಾಗಿರುತ್ತದೆ.

ಹತ್ತನೆಯ ದಿನ: ಫೋರ್ಟ್ ಸೆಲ್ಕರ್ಕ್

ಬಲದಿಂದ ಪೆಲಿ ನದಿ ಬಂದು ಸೇರುತ್ತದೆ. ಎದುರು ದಡದಲ್ಲಿ ಕಪ್ಪು ಬಸಾಲ್ಟ್ ಶಿಲೆಯ ಗೋಡೆ, ಕಂಬ ಕಂಬವಾಗಿ ಸೀಳಿದ್ದು, ಮೈಲುಗಟ್ಟಲೆ ಹೋಗುತ್ತದೆ. ಎಡದಂಡೆಯ ಎತ್ತರದ ಬಯಲಿನಲ್ಲಿ ಮರದ ದಿಮ್ಮಿಯ ಮನೆಗಳ ಸಾಲು, ಎರಡು ಚರ್ಚು, ಒಂದು ಶಾಲೆ. ಯಾರೂ ಇಲ್ಲ. ರಸ್ತೆ ಎಂದೂ ಬರಲಿಲ್ಲ. ಸ್ಟೀಮರ್ ಇದ್ದಷ್ಟು ದಿನ ಊರು ಇತ್ತು. 1950ರ ದಶಕದಲ್ಲಿ ದೂರದಲ್ಲಿ ಹೆದ್ದಾರಿಯಾಯಿತು, ಸ್ಟೀಮರ್ ನಿಂತಿತು, ಜನ ರಸ್ತೆಯ ಕಡೆ ಹೋದರು. ನೆಲದ ಒಡೆಯರಾದ ಸೆಲ್ಕರ್ಕ್ ಫಸ್ಟ್ ನೇಷನ್ ಎಂಬ ಮೂಲನಿವಾಸಿ ಸಮುದಾಯದವರು ಮನೆಗಳನ್ನು ಚೊಕ್ಕವಾಗಿ ಕಾಪಾಡಿದ್ದಾರೆ. ಶಾಲೆಯ ಒಳಗೆ ಹೋದೆ. ಕಿಟಕಿಯ ಪಕ್ಕದ ಬೆಂಚಿನಲ್ಲಿ ಕುಳಿತರೆ ಹೊಳೆ ಕಾಣುತ್ತದೆ. ಅಲ್ಲಿ ಕುಳಿತ ಹುಡುಗ ಪಾಠ ಕೇಳಿರಲಾರ.

ಈ ಸಂಗಮದಲ್ಲಿ ನನಗೆ ಬೇಕಾದ ಕಥೆಯಿತ್ತು. ತುಪ್ಪಳದ ವ್ಯಾಪಾರ ಮಾಡುತ್ತಿದ್ದ ಹಡ್ಸನ್ಸ್ ಬೇ ಕಂಪನಿಯ ರಾಬರ್ಟ್ ಕ್ಯಾಂಪ್‌ಬೆಲ್ ಪೂರ್ವದಿಂದ ಪೆಲಿ ನದಿ ಹಿಡಿದು ಬಂದು 1848ರಲ್ಲಿ ಇಲ್ಲಿ ಕೋಠಿ ಕಟ್ಟಿದ. ತಾನು ಬಂದ ದಾರಿಯೇ ಮುಖ್ಯ ನದಿ ಎಂದುಕೊಂಡ. ಅದಕ್ಕೆ ಕಂಪನಿಯ ಗವರ್ನರ್ ಪೆಲಿಯ ಹೆಸರು. ನಾವು ಹತ್ತು ದಿನದಿಂದ ಇಳಿದು ಬಂದದ್ದು ಅವನ ಪಾಲಿಗೆ ಉಪನದಿ, ಅದಕ್ಕೆ ಇನ್ನೊಬ್ಬ ಅಧಿಕಾರಿಯ ಹೆಸರು, ಲೂಯಿಸ್. ಅದೇ ಕಂಪನಿಯ ಬೇರೆಯವರು ಬಹಳ ಕೆಳಗೆ, 1847ರಲ್ಲಿ, ಯೂಕಾನ್ ಎಂಬ ನದಿಯ ದಡದಲ್ಲಿ ಫೋರ್ಟ್ ಯೂಕಾನ್ ಕಟ್ಟಿದ್ದರು. ಇನ್ನೂ ಕೆಳಗೆ ರಷ್ಯನ್ನರು ಸಮುದ್ರದಿಂದ ಹತ್ತಿ ಬಂದು ಯೂಪಿಕ್ ಹೆಸರನ್ನೇ ತಿರುಚಿ 'ಕ್ವಿಖ್‌ಪಾಕ್' ಎನ್ನುತ್ತಿದ್ದರು. ಪೆಲಿ, ಲೂಯಿಸ್, ಯೂಕಾನ್, ಕ್ವಿಖ್‌ಪಾಕ್: ಕುರುಡರು ಆನೆ ಮುಟ್ಟಿದಂತೆ ಒಂದೇ ಹೊಳೆಗೆ ನಾಲ್ಕು ಹೆಸರು. 1851ರಲ್ಲಿ ಕ್ಯಾಂಪ್‌ಬೆಲ್ ಧೈರ್ಯ ಮಾಡಿ ಸೆಳವಿನೊಂದಿಗೆ ಇಳಿದೇ ಇಳಿದ. ಅವನ ಪೆಲಿ ಹೋಗಿ ಫೋರ್ಟ್ ಯೂಕಾನ್‌ನ ಬಾಗಿಲಿಗೆ ಮುಟ್ಟಿತು. ಮರುವರ್ಷ ಕರಾವಳಿಯ ಚಿಲ್ಕಾಟ್ ಜನ ಬೆಟ್ಟ ದಾಟಿ ಬಂದು ಅವನ ಕೋಠಿಯನ್ನು ದೋಚಿದರು. ಒಳನಾಡಿನ ವ್ಯಾಪಾರ ತಲೆತಲಾಂತರದಿಂದ ಅವರದು, ಇವನು ನಡುವೆ ಬಂದು ಅಂಗಡಿ ಇಟ್ಟಿದ್ದ.

ನಮ್ಮ ಕೂಡಲಿಯಲ್ಲಿ ಯಾವುದು ದೊಡ್ಡದು ಎಂಬ ಜಗಳವೇ ಬರಲಿಲ್ಲ. ತುಂಗೆ, ಭದ್ರೆ ಎರಡೂ ಹೆಸರು ಜೋಡಿಸಿ ಮುಗಿಸಿದರು. ಇದನ್ನು ಹೇಳಿದ್ದಕ್ಕೆ ತಮ್ಮ, "ಹಾಗಾದರೆ ಇದನ್ನು ಪೆಲಿಲೂಯಿಸ್ ಎನ್ನಬೇಕಿತ್ತು" ಎಂದ. ಬೇಡ, ದೊಡ್ಡ ಹೊಳೆಯೇ ಸಾಕು.

ಹನ್ನೊಂದನೆಯ ದಿನ

ಮಳೆ. ಕಪ್ಪು ಗೋಡೆ. ಮತ್ತೆ ಮಳೆ.

ಹನ್ನೆರಡನೆಯ ದಿನ: ಬಿಳಿ ನದಿ

ಎಡದಿಂದ ವೈಟ್ ರಿವರ್ ಬಂತು. ಬಂತು ಎನ್ನುವುದಕ್ಕಿಂತ ನುಗ್ಗಿತು. ಹತ್ತಾರು ಕವಲಾಗಿ ಮರಳುದಿನ್ನೆಗಳ ನಡುವಿನಿಂದ ಬೂದಿ ಬಣ್ಣದ ನೀರು, ಜೊತೆಗೆ ಬೇರುಸಹಿತ ಕಿತ್ತ ಮರಗಳು. ದೊಡ್ಡ ಬೆಟ್ಟಗಳ ಹಿಮನದಿಗಳು ಅರೆದ ಕಲ್ಲಿನ ಹಿಟ್ಟು ಇದರಲ್ಲಿದೆ, ಹಳೆಯ ಜ್ವಾಲಾಮುಖಿಯ ಬೂದಿಯೂ ಇದೆ. ಅರ್ಧ ಗಂಟೆಯೊಳಗೆ ನಮ್ಮ ಹೊಳೆ ಸೇರಿ ಎರಡೂ ಒಂದೇ ಬಣ್ಣ. ಇಲ್ಲಿಂದ ಸಮುದ್ರದವರೆಗೆ ಈ ನೀರು ಮತ್ತೆ ತಿಳಿಯಾಗುವುದಿಲ್ಲ.

ಹುಟ್ಟು ಹಾಕುವುದನ್ನು ನಿಲ್ಲಿಸಿ ತಮ್ಮ, "ಕೇಳು" ಎಂದ. ಮೊದಲು ಏನೂ ಕೇಳಲಿಲ್ಲ. ಆಮೇಲೆ ತೊಡೆಯ ಕೆಳಗಿನಿಂದ ಸದ್ದು ಬಂತು: ಎಲ್ಲೋ ಯಾರೋ ಅಕ್ಕಿಹಿಟ್ಟು ಜರಡಿ ಹಿಡಿಯುತ್ತಿರುವಂತೆ ಸುಯ್ ಎಂಬ ಸದ್ದು, ಬಿಡುವಿಲ್ಲದೆ. ನೀರಿನಲ್ಲಿರುವ ಕಲ್ಲಿನ ಹಿಟ್ಟು ದೋಣಿಯ ತಳಕ್ಕೆ ಉಜ್ಜುತ್ತಿತ್ತು. ಬೆಟ್ಟಗಳು ಸಮುದ್ರಕ್ಕೆ ಹೋಗುವ ಸದ್ದು ಅದು. ಸವೆತ, ಸಾಗಣೆ, ಸಂಚಯನ ಎಂದು ಮೂವತ್ತೆರಡು ವರ್ಷ ಬೋರ್ಡಿನ ಮೇಲೆ ಬರೆದಿದ್ದೆ. ಅದಕ್ಕೆ ಸದ್ದಿದೆ ಎಂದು ಯಾವ ಪಠ್ಯದಲ್ಲೂ ಇರಲಿಲ್ಲ.

ರಾತ್ರಿ ಕುಡಿಯುವ ನೀರಿಗೆ ಬಕೆಟ್ ತುಂಬಿಟ್ಟು ಮಲಗಿದೆವು. ಬೆಳಿಗ್ಗೆ ನೋಡಿದರೆ ಮೇಲೆ ತಿಳಿಯಾದ ನೀರು, ತಳದಲ್ಲಿ ಬೆರಳು ದಪ್ಪದ ಬೂದು ಕೆನೆ. ಕೈಯಲ್ಲಿ ಹಿಡಿದರೆ ರುಬ್ಬಿದ ದೋಸೆ ಹಿಟ್ಟಿಗಿಂತ ನುಣುಪು. ಆಷಾಢದ ತುಂಗೆಯ ಕೆನ್ನೀರೂ ಹೀಗೆ ಇಳಿಯುತ್ತದೆ, ಆದರೆ ಅದು ಮಣ್ಣು, ವಾಸನೆ ಇರುತ್ತದೆ. ಇದಕ್ಕೆ ಯಾವ ವಾಸನೆಯೂ ಇಲ್ಲ.

ಹದಿಮೂರನೆಯ ದಿನ

ಸ್ಟೀವರ್ಟ್ ನದಿಯ ಬಾಯಿ ಹಿಂದಾಯಿತು, ಈಗ ಸಿಕ್ಸ್ಟಿಮೈಲ್. ಹೆಸರಿನ ಗುಟ್ಟು ಸರಳ: 1874ರಲ್ಲಿ ಈಗಿನ ಡಾಸನ್‌ನ ಕೆಳಗೆ ಫೋರ್ಟ್ ರಿಲಯನ್ಸ್ ಎಂಬ ವ್ಯಾಪಾರದ ಠಾಣೆ ಇತ್ತು. ಅಲ್ಲಿಂದ ಮೇಲಕ್ಕೆ ಅರವತ್ತು ಮೈಲಿಯಲ್ಲಿ ಬಂದು ಸೇರುವ ನದಿ ಸಿಕ್ಸ್ಟಿಮೈಲ್, ಕೆಳಕ್ಕೆ ನಲವತ್ತು ಮೈಲಿಯಲ್ಲಿರುವುದು ಫೋರ್ಟಿಮೈಲ್. ಗವರ್ನರ್, ಅಧಿಕಾರಿಗಳ ಹೆಸರುಗಳಿಗಿಂತ ಈ ಮೈಲಿಗಲ್ಲು ಹೆಸರುಗಳೇ ಮೇಲು. ಕೇಳಿದವನಿಗೆ ದಾರಿಯಾದರೂ ತಿಳಿಯುತ್ತದೆ. ಹೊಳೆ ಇಲ್ಲಿ ನಡುಗಡ್ಡೆಗಳ ಜಾಲ. ಒಂದು ಕವಲು ತಪ್ಪಿ ಹಿಡಿದು ನಿಂತ ನೀರಿನಲ್ಲಿ ಸಿಕ್ಕಿಕೊಂಡೆವು, ಕೆನೂ ಎಳೆಯಲು ಮೊಣಕಾಲವರೆಗಿನ ರೇವೆಯಲ್ಲಿ ಇಳಿಯಬೇಕಾಯಿತು. ನನ್ನ ಒಂದು ಚಪ್ಪಲಿ ಅಲ್ಲಿಯೇ ಇದೆ.

ಹದಿನಾಲ್ಕನೆಯ ದಿನ: ಡಾಸನ್

ಮಧ್ಯಾಹ್ನದ ಹೊತ್ತಿಗೆ ಬೆಟ್ಟದ ಮೇಲೆ ಚರ್ಮ ಸುಲಿದಂತಹ ಭೂಕುಸಿತದ ಗುರುತು ಕಂಡಿತು. ಅದೇ ಡಾಸನ್‌ನ ಗುರುತು. ಬಲದಿಂದ ಕ್ಲೊಂಡೈಕ್ ನದಿ ಬಂದು ಸೇರುತ್ತದೆ, ತಿಳಿನೀರು; ದಡಕ್ಕೆ ಒತ್ತಿಕೊಂಡು ಊರಿನ ಮುಂದೆ ಸ್ವಲ್ಪ ದೂರ ಕಪ್ಪಗೆ ಹರಿದು ಬೂದಿನೀರಿನಲ್ಲಿ ಕಳೆದುಹೋಗುತ್ತದೆ. ಆ ಕಪ್ಪು ಪಟ್ಟೆಗೆ ದೋಣಿ ಹೊಕ್ಕಾಗ ಜರಡಿಯ ಸದ್ದು ತಟ್ಟನೆ ನಿಂತಿತು. ಎರಡು ದಿನ ಅದನ್ನು ಕೇಳುತ್ತಿದ್ದೇನೆಂದು ಗೊತ್ತಾದದ್ದು ಆಗ.

ಈ ಸಣ್ಣ ನದಿಯ ಉಪತೊರೆಯೊಂದರಲ್ಲಿ 1896ರ ಆಗಸ್ಟ್‌ನಲ್ಲಿ ಚಿನ್ನ ಕಂಡಿತು. ಕಂಡವರಲ್ಲಿ ಜಾರ್ಜ್ ಕಾರ್ಮ್ಯಾಕ್ ಒಬ್ಬನೇ ಬಿಳಿಯ. ಉಳಿದವರು ಟಾಗಿಶ್ ಜನಾಂಗದ ಅವನ ಹೆಂಡತಿ ಕೇಟ್, ಅವಳ ಅಣ್ಣ ಕೀಶ್, ಸೋದರಳಿಯ ಚಾರ್ಲಿ. ಎರಡು ವರ್ಷಕ್ಕೆ ಜವುಗುನೆಲದಲ್ಲಿ ಮೂವತ್ತು ಸಾವಿರ ಜನರ ಪಟ್ಟಣ ಎದ್ದಿತು. ಕ್ಲೊಂಡೈಕ್ ಎಂಬುದು 'ಟ್ರಾಂಡೆಕ್' ಎಂಬ ಹೆಸರಿನ ಹಾಳಾದ ರೂಪ. ಸಾಲ್ಮನ್ ಹಿಡಿಯಲು ಹೊಳೆಯ ತಳಕ್ಕೆ ಗೂಟ ಹೊಡೆಯುವ ಕಲ್ಲಿನ ಸುತ್ತಿಗೆಯಿಂದ ಬಂದ ಹೆಸರು. ಅದು ಮೀನಿನ ಹೊಳೆಯಾಗಿತ್ತು. ಚಿನ್ನದ ಗದ್ದಲದಲ್ಲಿ ಅಲ್ಲಿನ ಟ್ರಾಂಡೆಕ್ ಹ್ವೆಚಿನ್ ಜನರು ತಮ್ಮ ಮುಖಂಡ ಐಸಾಕ್‌ನೊಂದಿಗೆ ಕೆಳಗಿನ ಮೂಸ್‌ಹೈಡ್‌ಗೆ ಸರಿಯಬೇಕಾಯಿತು. 2023ರಲ್ಲಿ ಯುನೆಸ್ಕೊ ಈ ಜಾಗಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ.

ಊರಿನ ಬೀದಿಗಳಿಗೆ ಡಾಂಬರಿಲ್ಲ, ಪಕ್ಕದಲ್ಲಿ ಹಲಗೆಯ ಕಾಲುದಾರಿ. ಕೆಲವು ಹಳೆಯ ಕಟ್ಟಡಗಳು ಕುಡಿದವರಂತೆ ಒಂದಕ್ಕೊಂದು ಒರಗಿವೆ. ಅಡಿಯ ಹೆಪ್ಪುನೆಲ ಮನೆಯ ಬಿಸಿಗೆ ಕರಗಿ ಕುಸಿದ ಫಲ. ಹೋಟೆಲಿನಲ್ಲಿ ಸ್ನಾನ ಮಾಡಿ ಹಾಸಿಗೆಯಲ್ಲಿ ಮಲಗಿದರೆ ಹಾಸಿಗೆ ತೇಲುತ್ತಿತ್ತು.

ಮರುದಿನ

ಸಂಜೆ ಊರಿನ ಹಿಂದಿನ ಮಿಡ್‌ನೈಟ್ ಡೋಮ್ ಎಂಬ ಬೆಟ್ಟ ಹತ್ತಿದೆವು. ಮೇಲಿನಿಂದ ನಾವು ಬಂದ ದಾರಿ ದಕ್ಷಿಣಕ್ಕೆ, ಹೊಳೆ ಹೋಗುವ ದಾರಿ ವಾಯವ್ಯಕ್ಕೆ ಅಲಾಸ್ಕಾದ ಕಡೆ. ಇಲ್ಲಿ ತಮ್ಮ ಉಳಿಸಿಟ್ಟಿದ್ದ ಕಥೆಯನ್ನು ಹೊರತೆಗೆದ.

"ಅಣ್ಣ, ಈ ಹೊಳೆ ಮೊದಲು ಆ ಕಡೆ ಹರಿಯುತ್ತಿತ್ತು." ಅವನ ಕೈ ದಕ್ಷಿಣ ತೋರಿಸುತ್ತಿತ್ತು.

ಭೂವಿಜ್ಞಾನಿಗಳು ಹಳೆಯ ಜಲ್ಲಿಯ ಅಟ್ಟಣೆಗಳನ್ನು ಓದಿ ಕಂಡುಕೊಂಡದ್ದು ಇದು. ಸುಮಾರು ಮೂವತ್ತು ಲಕ್ಷ ವರ್ಷಗಳ ಹಿಂದಿನವರೆಗೂ ಇಲ್ಲಿನ ನೀರು ದಕ್ಷಿಣಕ್ಕೆ ಹರಿದು ಪೆಸಿಫಿಕ್ ಸೇರುತ್ತಿತ್ತು. ಆಮೇಲೆ ಮೊದಲ ದೊಡ್ಡ ಹಿಮಹಾಳೆ ದಕ್ಷಿಣದ ಬೆಟ್ಟಗಳಿಂದ ಇಳಿದು ದಾರಿಗೆ ಅಡ್ಡ ಕುಳಿತಿತು. ನೀರು ಕಟ್ಟಿಕೊಂಡಿತು, ಏರಿತು, ವಾಯವ್ಯದ ದಿಬ್ಬವನ್ನು ಕೊರೆದು ಆ ಕಡೆ ಸುರಿಯಿತು. ಹಿಮ ಮುಂದೆ ಎಷ್ಟೋ ಸಲ ಬಂತು, ಹೋಯಿತು. ನೀರು ಮಾತ್ರ ಹಳೆಯ ದಾರಿಗೆ ಮರಳಲಿಲ್ಲ. ಮಳೆಯೇ ಇಲ್ಲದ ಡಾಸನ್‌ನ ಸುತ್ತ ಹಿಮಹಾಳೆ ಬೆಳೆಯಲಿಲ್ಲ. ಅದಕ್ಕೇ ತೊರೆಗಳ ಹಳೆಯ ಜಲ್ಲಿ, ಅದರೊಳಗಿನ ಚಿನ್ನ, ಯಾರೂ ಗುಡಿಸದೆ ಹಾಗೆಯೇ ಉಳಿದವು.

ಫ್ರೇಸರ್‌ನ ಕಲ್ಲಿನ ಮೇಲೆ ನಾನು ಹೇಳಿದ ಮಾತನ್ನು ಹಿಂದಕ್ಕೆ ಪಡೆಯಬೇಕಾಯಿತು. ಈ ಹೊಳೆ ಹತ್ತಿರದ ಸಮುದ್ರಕ್ಕೆ ಬೆನ್ನು ಹಾಕಿದ್ದಲ್ಲ, ಅದನ್ನು ತಿರುಗಿಸಿ ಅಟ್ಟಿದ್ದು. "ಮೊದಲೇ ಹೇಳಬಾರದಿತ್ತೇ?" ಎಂದೆ. "ಹೇಳಿದ್ದರೆ ನೀನು ಹದಿನಾಲ್ಕು ದಿನ ನನಗೆ ಅದನ್ನೇ ಪಾಠ ಮಾಡುತ್ತಿದ್ದೆ" ಎಂದ.

ಹನ್ನೊಂದು ಗಂಟೆಗೆ, ಇನ್ನೂ ಬಿಸಿಲಿರುವಾಗ, ದೋಣಿಗಂಡಿಗೆ ಇಳಿದೆವು. ಇಲ್ಲಿ ಸೇತುವೆಯಿಲ್ಲ. 'ಜಾರ್ಜ್ ಬ್ಲ್ಯಾಕ್' ಎಂಬ ಸರಕಾರಿ ಫೆರಿ ಕಾರು, ಲಾರಿಗಳನ್ನು ಹೊತ್ತು ಓರೆಯಾಗಿ ಸೆಳವು ಸೀಳುತ್ತ ಹಗಲು ರಾತ್ರಿ ಓಡಾಡುತ್ತದೆ. ಚಳಿಗಾಲದಲ್ಲಿ ಮಂಜುಗಡ್ಡೆಯ ಮೇಲೇ ರಸ್ತೆ. ದುಡ್ಡಿಲ್ಲ, ಹತ್ತಿಕೊಂಡರಾಯಿತು. ಸುಮ್ಮನೆ ಆಚೆ ಹೋಗಿ ಈಚೆ ಬಂದೆವು.

ಫೆರಿಯ ಕಟಾಂಜನಕ್ಕೆ ಒರಗಿ ನಿಂತ ಒಬ್ಬ ಮುದುಕ, ಊರಿನವನೇ, ಎಲ್ಲಿಂದ ಬಂದಿರಿ ಎಂದು ವಿಚಾರಿಸಿದ. ಮೀನು ಹೇಗಿದೆ ಎಂದು ನಾನು ಕೇಳಿದೆ. ತಲೆಯಾಡಿಸಿದ. ಚಿನೂಕ್ ತೀರ ಇಳಿದುಹೋಗಿದೆ. 2024ರ ಏಪ್ರಿಲ್‌ನಲ್ಲಿ ಕೆನಡಾ ಮತ್ತು ಅಲಾಸ್ಕಾ ಸೇರಿ ಏಳು ವರ್ಷ ಅದನ್ನು ಹಿಡಿಯುವುದೇ ಬೇಡ ಎಂದು ಒಪ್ಪಂದ ಮಾಡಿಕೊಂಡಿವೆ. ಮೀನು ಒಣಗಿಸುವ ತನ್ನ ಅಟ್ಟ ಖಾಲಿ ನಿಂತಿದೆ ಎಂದ. "ಈ ವಾರವೋ ಮುಂದಿನ ವಾರವೋ ಮೊದಲಿನವು ಇಲ್ಲಿ ಹಾದುಹೋಗುತ್ತವೆ. ಬೂದಿನೀರು, ಕಾಣಿಸುವುದಿಲ್ಲ" ಎಂದು ನೀರಿನ ಕಡೆ ಬೆರಳು ತೋರಿಸಿದ.

ಮೂವರೂ ಕಟಾಂಜನದ ಮೇಲೆ ಬಾಗಿ ಆ ನೀರನ್ನು ನೋಡುತ್ತ ನಿಂತೆವು. ಫೆರಿ ದಡಕ್ಕೆ ತಾಗಿದ್ದು ಗೊತ್ತಾಗಲಿಲ್ಲ. ಹಿಂದಿನ ಲಾರಿಯವನು ಹಾರ್ನ್ ಹೊಡೆದ.